ಬ್ಯಾಟರಿ ಇಲ್ಲದೆ ಹುಟ್ಟುವ ಕಿಡಿ

ಹಳೆಯ ಬಜಾಜ್ ಸ್ಕೂಟರ್ ಓಡಿಸಿದವರಿಗೆ ‘ಪಾಯಿಂಟ್ ಕ್ಲೀನ್ ಮಾಡ್ಬೇಕು ಸಾರ್’ ಎನ್ನುವ ಮೆಕ್ಯಾನಿಕ್ಕಿನ ಮಾತು ನೆನಪಿರಬಹುದು. ದೋಣಿಯ ಹಿಂಬದಿಗೆ ಸಿಕ್ಕಿಸುವ 1950–60ರ ದಶಕದ ಅಮೆರಿಕದ ಜಾನ್ಸನ್, ಎವಿನ್‌ರೂಡ್ ಔಟ್‌ಬೋರ್ಡ್ ಮೋಟರ್‌ಗಳ ಒಳಗೂ ಇರುವುದು ಅದೇ ಪಾಯಿಂಟ್, ಅದೇ ಕಂಡೆನ್ಸರ್. ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಮೋಟರ್‌ಗಳಲ್ಲಿ ಕಿಡಿಗೆ ಬ್ಯಾಟರಿಯೇ ಬೇಕಿಲ್ಲ.

ಹಗ್ಗ ಎಳೆದಾಗ ಮೇಲಿನ ಫ್ಲೈವೀಲ್ ತಿರುಗುತ್ತದೆ. ಅದರ ಒಳಅಂಚಿನ ಅಯಸ್ಕಾಂತ ಕಾಯಿಲ್‌ನ ಪಕ್ಕದಲ್ಲೇ ಹಾದುಹೋಗುವಾಗ ಪ್ರೈಮರಿ ಸುತ್ತಿನಲ್ಲಿ ವಿದ್ಯುತ್ ಹರಿಯುತ್ತದೆ, ಪಾಯಿಂಟ್‌ಗಳು (ಸ್ವಿಚ್ಚಿನಂತೆ ಕೂಡಿ ಬಿಡುವ ಎರಡು ಲೋಹದ ತುದಿಗಳು) ಒಂದಕ್ಕೊಂದು ತಾಗಿಕೊಂಡಿದ್ದರೆ ಮಾತ್ರ. ಸರಿಯಾದ ಗಳಿಗೆಗೆ ಕ್ರ್ಯಾಂಕ್‌ಶಾಫ್ಟ್ ಮೇಲಿನ ಕ್ಯಾಮ್ ಅವನ್ನು ಬೇರ್ಪಡಿಸುತ್ತದೆ. ಹರಿವು ಥಟ್ಟನೆ ಕಡಿದು ಕಾಂತಕ್ಷೇತ್ರ ಕುಸಿಯುತ್ತದೆ. ಅದೇ ಕಾಯಿಲ್‌ನ ಸಾವಿರಾರು ಸುತ್ತುಗಳ ಸೆಕೆಂಡರಿಯಲ್ಲಿ ಹತ್ತು ಸಾವಿರ ವೋಲ್ಟ್ ಮೀರಿದ ಒತ್ತಡ ಎದ್ದು ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಅಂದರೆ ಕಿಡಿ ಹುಟ್ಟುವುದು ವಿದ್ಯುತ್ ಹರಿದಾಗಲ್ಲ, ನಿಂತಾಗ. ಆ ಕಡಿತ ಚುರುಕಾಗಿರಲೆಂದೇ ಕಂಡೆನ್ಸರ್ ಇರುವುದು. ಅದು ಕೆಟ್ಟರೆ ಪಾಯಿಂಟ್‌ಗಳ ನಡುವೆಯೇ ಕಿಡಿಯಾಡಿ ಅವು ಸುಟ್ಟುಹೋಗುತ್ತವೆ, ಪ್ಲಗ್‌ಗೆ ಸಿಗುವುದು ಬಡಕಲು ಕಿಡಿ.

ಇದರಲ್ಲಿ ನನಗೆ ಬಹಳ ಹಿಡಿಸುವುದು ಟೈಮಿಂಗ್ ವ್ಯವಸ್ಥೆ. ಕಾಯಿಲ್, ಪಾಯಿಂಟ್‌ಗಳನ್ನು ಹೊತ್ತ ತಟ್ಟೆಯನ್ನೇ ವೇಗದ ಹಿಡಿ ತಿರುಗಿಸುತ್ತದೆ. ಕಿಡಿ ಮುಂಚಿತವಾಗುತ್ತದೆ, ಜೊತೆಗೇ ಆ ತಟ್ಟೆಯ ಅಡಿಯ ಕ್ಯಾಮ್ ಕಾರ್ಬ್ಯುರೇಟರನ್ನೂ ತೆರೆಯುತ್ತದೆ. ಒಂದೇ ಹಿಡಿ, ಎರಡು ಕೆಲಸ. ಎಲೆಕ್ಟ್ರಾನಿಕ್ಸ್ ಸುಳಿವೂ ಇಲ್ಲ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಮೋಟರ್ ಹತ್ತದಿದ್ದರೆ ಮೊದಲ ಅನುಮಾನ ಪಾಯಿಂಟ್ ಮೇಲಿರಲಿ. ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರವೂ ಹರಿವನ್ನು ತಡೆಯಬಲ್ಲದು. ನಯವಾದ ಮರಳು ಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.020 ಇಂಚು, ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಇಡುವ ಗೋಜಿಗೆ ಹೋಗಬೇಡಿ. ಈ ಮೋಟರ್‌ಗಳ ಹಳೆಯ ಕಾಯಿಲ್‌ಗಳ ಹೊರಕವಚ ಬಿರುಕು ಬಿಡುವುದು ಕುಖ್ಯಾತ. ಬಿರುಕು ಕಂಡರೆ ಬದಲಿಸಿ, ಅಂಟು ಹಚ್ಚಿ ಪ್ರಯೋಜನವಿಲ್ಲ.

ಎರಡು ಸಿಲಿಂಡರಿನ ಮೋಟರ್‌ನಲ್ಲಿ ಒಂದೊಂದಕ್ಕೂ ಬೇರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಇರುವುದರಿಂದ ಪತ್ತೇದಾರಿಕೆ ಸುಲಭ. ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ಪ್ಲಗ್‌ಗಳನ್ನು ಅದಲುಬದಲು ಮಾಡಿ. ದೋಷ ಅದೇ ಸಿಲಿಂಡರಿನಲ್ಲಿ ಉಳಿದರೆ ಫ್ಲೈವೀಲ್ ಕೆಳಗೆ ಹುಡುಕಬೇಕು. ಹೊರಗೆ ತೆಗೆದ ಪ್ಲಗ್‌ನಲ್ಲಿ ಕಿಡಿ ಕಂಡಿತೆಂದು ಹಿಗ್ಗಬೇಡಿ. ಸಿಲಿಂಡರಿನ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕೇ ಸ್ಪಾರ್ಕ್ ಟೆಸ್ಟರ್‌ನಲ್ಲಿ ಆರು ಮಿಲಿಮೀಟರ್ ಜಿಗಿಯುವ ನೀಲಿ ಕಿಡಿಯನ್ನಷ್ಟೇ ನಂಬಿ. ಪರೀಕ್ಷೆ ಮಾಡುವಾಗ ಪೆಟ್ರೋಲ್ ದೂರವಿರಲಿ.

ಫ್ಲೈವೀಲ್ ಬಿಚ್ಚಲು ಪುಲ್ಲರ್ ಬಳಸಿ. ಸುತ್ತಿಗೆ ಏಟಿಗೆ ಕ್ರ್ಯಾಂಕ್‌ಶಾಫ್ಟೇ ಹಾಳಾದೀತು. ತಿರುಗಿ ಕೂರಿಸುವಾಗ ನಟ್ಟನ್ನು ಕೈಪಿಡಿಯ ಲೆಕ್ಕಕ್ಕೆ ಟಾರ್ಕ್ ವ್ರೆಂಚಿನಿಂದಲೇ ಬಿಗಿಯಿರಿ. ಸಡಿಲ ಬಿಟ್ಟರೆ ಒಳಗಿನ ಪುಟ್ಟ ಕೀ ತುಂಡಾಗಿ ಟೈಮಿಂಗ್ ತಪ್ಪುತ್ತದೆ, ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.