ಓವನ್ನಿನಲ್ಲಿ ಬೆಂದ ಗ್ರಾಫಿಕ್ಸ್ ಕಾರ್ಡ್

ಕೆಟ್ಟುನಿಂತ ಗ್ರಾಫಿಕ್ಸ್ ಕಾರ್ಡನ್ನು ಓವನ್ನಿನಲ್ಲಿ 200 ಡಿಗ್ರಿಗೆ ಹತ್ತು ನಿಮಿಷ ಬೇಯಿಸಿದರೆ ಕೆಲವೊಮ್ಮೆ ಅದು ಎದ್ದು ಕೂರುವುದು ನಿಜ. ಬೆಸುಗೆ ಕರಗಿ ಬಿರುಕು ಮುಚ್ಚಿತು ಎಂಬ ವಿವರಣೆ ಮಾತ್ರ ನಿಲ್ಲುವುದಿಲ್ಲ. 2006ರಲ್ಲಿ ಯುರೋಪು ಸೀಸಕ್ಕೆ ನಿರ್ಬಂಧ ಹಾಕಿದ ಮೇಲೆ ರೂಢಿಗೆ ಬಂದ ತವರ-ಬೆಳ್ಳಿ-ತಾಮ್ರದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಬಿಸಿಗೆ ಹಿಗ್ಗಿ, ಚಿಪ್ಪಿನಡಿ ಬಿರುಕುಬಿಟ್ಟ ಬೆಸುಗೆಗುಂಡುಗಳು ತಾತ್ಕಾಲಿಕವಾಗಿ ತಾಗಿಕೊಳ್ಳುತ್ತವೆ, ಅಷ್ಟೇ. ನಾಲ್ಕಾರು ಸಲ ಕಾದು ತಣಿದರೆ ಮತ್ತೆ ಬಿಡುತ್ತವೆ.

ಹೇಗೂ ಗುಜರಿಗೆ ಹೋಗುವ ವಸ್ತು, ನಷ್ಟವೇನು ಎನ್ನಬಹುದು. ಆದರೆ ನವಿ ಮುಂಬಯಿಯ ನೆರೂಳದ ಪುಟ್ಟ ಫ್ಲ್ಯಾಟಿನಲ್ಲಿ ಓವನ್ ಇರುವುದು ಅಡುಗೆಮನೆಯಲ್ಲೇ. ಪ್ಲಾಸ್ಟಿಕ್ಕಿನ ಹೊಗೆ ಕೂತ ಗೂಡಿನಲ್ಲೇ ನಾಳೆ ಮಗುವಿನ ಕೇಕು ಬೇಯಬೇಕು. ಮೊದಲು ಕಾರ್ಡಿನ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ನೋಡಿ. ಅಲ್ಲಿನ ಕಡಲ ಹಿನ್ನೀರಿನ ತೇವಗಾಳಿಗೆ ಕೂತ ಕೊಳೆ ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ.