ಪರದೆಯ ಹಿಂದಿನ ಪರವಾನಗಿ: ಟೂಲ್‌ಕಿಟ್ ಆಯ್ಕೆಗೆ ಮುನ್ನ

ಬಿಲ್ಲಿಂಗ್ ತಂತ್ರಾಂಶವನ್ನಾಗಲಿ, ಯಂತ್ರಕ್ಕೆ ಜೋಡಿಸುವ ಟಚ್ ಸ್ಕ್ರೀನ್ ಫಲಕವನ್ನಾಗಲಿ ಹೊರಗಿನವರಿಂದ ಬರೆಸುವ ನಮ್ಮ ಸದಸ್ಯರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟಾಗುತ್ತದೆ, ಯಾವಾಗ ಸಿಗುತ್ತದೆ? ಪರದೆಯ ಮೇಲಿನ ಗುಂಡಿ, ಪಟ್ಟಿ, ಕಿಟಕಿಗಳನ್ನು ಯಾವ ಟೂಲ್‌ಕಿಟ್‌ನಿಂದ ಕಟ್ಟಲಾಗಿದೆ ಎಂಬುದನ್ನು ಪ್ರೋಗ್ರಾಮರನ ವಿವೇಚನೆಗೆ ಬಿಟ್ಟುಬಿಡುತ್ತೇವೆ. ಆದರೆ ಹತ್ತು ವರ್ಷಗಳ ನಂತರ ಅದನ್ನು ತಿದ್ದಿಸಲು ಸಾಧ್ಯವೇ, ಮಾರಿದ ಪ್ರತಿ ಯಂತ್ರಕ್ಕೂ ಶುಲ್ಕ ತೆರಬೇಕೇ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

1998ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಷುವಲ್ ಬೇಸಿಕ್ 6 ಇದಕ್ಕೆ ಒಳ್ಳೆಯ ನಿದರ್ಶನ. ಕಲಿಯಲು ಸುಲಭ, ಕೆಲಸವೂ ಬೇಗ. ಅಸಂಖ್ಯಾತ ಲೆಕ್ಕಪತ್ರ ತಂತ್ರಾಂಶಗಳು ಅದರಲ್ಲಿಯೇ ಮೂಡಿದವು. 2008ರ ಏಪ್ರಿಲ್‌ನಲ್ಲಿ ಅದರ ಅಭಿವೃದ್ಧಿ ಪರಿಸರಕ್ಕೆ ಕಂಪನಿಯ ಬೆಂಬಲ ನಿಂತಿತು. ಹಳೆಯ ಪ್ರೋಗ್ರಾಮುಗಳು ವಿಂಡೋಸ್‌ನಲ್ಲಿ ಓಡುತ್ತಲೇ ಇದ್ದವು, ನಿಜ. ಆದರೆ ಮೂಲ ಸಂಕೇತ ಮುಕ್ತವಾಗಿರದ ಕಾರಣ ಬೇರೆ ಯಾರೂ ಆ ಸಾಧನವನ್ನು ಮುಂದುವರಿಸುವಂತಿರಲಿಲ್ಲ. ಇನ್ನೊಂದು ತೊಡಕು ನಮ್ಮದೇ ಭಾಷೆಯದು. ಅದರ ಸಾಮಾನ್ಯ ಪಠ್ಯ ಪೆಟ್ಟಿಗೆಗಳಿಗೆ ಯೂನಿಕೋಡ್ ತಿಳಿಯದು. ಹೀಗಾಗಿ ಕನ್ನಡದ ಹೆಸರುಗಳನ್ನು ವಿಶೇಷ ಫಾಂಟುಗಳ ಸಂಕೇತದಲ್ಲಿ ತುಂಬಿಸಬೇಕಾಯಿತು. ಆ ಫಾಂಟು ಇಲ್ಲದ ಗಣಕದಲ್ಲಿ ಗ್ರಾಹಕರ ಪಟ್ಟಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ.

ಹಾಗೆಂದು 'ಮುಕ್ತ' ಎಂಬ ಹಣೆಪಟ್ಟಿ ಕಂಡೊಡನೆ ನಿಶ್ಚಿಂತರಾಗುವಂತಿಲ್ಲ. ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ 'ಕ್ಯೂಟಿ' 1995ರಲ್ಲಿ ಸಾರ್ವಜನಿಕರಿಗೆ ದೊರೆಯಿತು. 1996ರಲ್ಲಿ ಆರಂಭವಾದ ಕೆಡಿಇ ಯೋಜನೆ ಅದನ್ನೇ ಆಧರಿಸಿತು. ಆಗಿನ ಪರವಾನಗಿ ಪೂರ್ಣ ಮುಕ್ತವಲ್ಲವೆಂಬ ಆಕ್ಷೇಪದಿಂದಲೇ 1997ರಲ್ಲಿ 'ಗ್ನೋಮ್' ಎಂಬ ಪ್ರತಿಯೋಜನೆ ಹುಟ್ಟಿ, ಎಲ್‌ಜಿಪಿಎಲ್ ಪರವಾನಗಿಯ ಜಿಟಿಕೆ ಟೂಲ್‌ಕಿಟ್ಟನ್ನು ಆರಿಸಿಕೊಂಡಿತು. ಕ್ಯೂಟಿ 2000ದಲ್ಲಿ ಜಿಪಿಎಲ್‌ಗೂ, ನೋಕಿಯಾದ ಕೈಸೇರಿದ ಮೇಲೆ 2009ರಲ್ಲಿ ಎಲ್‌ಜಿಪಿಎಲ್‌ಗೂ ಬಂದಿತು. 2012ರಲ್ಲಿ ಅದು ಫಿನ್ಲೆಂಡಿನ ಡಿಜಿಯಾ ಕಂಪನಿಯ ಪಾಲಾಯಿತು. 2021ರ ಜನವರಿಯಿಂದ 5.15ನೆಯ ದೀರ್ಘಾವಧಿ ಆವೃತ್ತಿಯ ತಿದ್ದುಪಡಿಗಳು ಶುಲ್ಕ ತೆತ್ತವರಿಗೆ ಮೊದಲು ದೊರೆಯತೊಡಗಿದವು. ಒಡೆತನ ಬದಲಾದಂತೆ ನಿಬಂಧನೆಯೂ ಬದಲಾದೀತು ಎಂಬುದನ್ನು ಬಲ್ಲ ಕೆಡಿಇ ಬಳಗ 1998ರಲ್ಲಿಯೇ ಟ್ರೋಲ್‌ಟೆಕ್ ಜೊತೆ ಒಂದು ಪ್ರತಿಷ್ಠಾನ ಸ್ಥಾಪಿಸಿ, ಮುಕ್ತ ಆವೃತ್ತಿ ನಿಂತುಹೋಗದಂತೆ ಕರಾರು ಮಾಡಿಸಿಕೊಂಡಿತ್ತು. ವ್ಯಾಪಾರಿಗಳೂ ಮೆಚ್ಚಬೇಕಾದ ಮುಂದಾಲೋಚನೆ ಇದು!

ಜಿಪಿಎಲ್ ಮತ್ತು ಎಲ್‌ಜಿಪಿಎಲ್‌ಗಳ ವ್ಯತ್ಯಾಸವನ್ನು ತಯಾರಕರು ಚೆನ್ನಾಗಿ ಅರಿಯಬೇಕು. ಜಿಪಿಎಲ್ ಟೂಲ್‌ಕಿಟ್ ಬಳಸಿದ ಪ್ರೋಗ್ರಾಮನ್ನು ಕಾರ್ಖಾನೆಯೊಳಗೆ ಎಷ್ಟು ಬೇಕಾದರೂ ಓಡಿಸಬಹುದು. ಆದರೆ ಅದನ್ನು ಯಂತ್ರದೊಡನೆ ಮಾರಿದರೆ, ಕೊಂಡವರಿಗೆ ನಿಮ್ಮ ಪ್ರೋಗ್ರಾಮಿನ ಮೂಲ ಸಂಕೇತವನ್ನೂ ಒದಗಿಸಬೇಕಾಗುತ್ತದೆ. ಎಲ್‌ಜಿಪಿಎಲ್‌ನಲ್ಲಿ ನಿಮ್ಮ ಸಂಕೇತ ನಿಮ್ಮಲ್ಲೇ ಉಳಿಯಬಹುದು. ಟೂಲ್‌ಕಿಟ್‌ನ ಮೂಲ ಸಂಕೇತ, ಪರವಾನಗಿಯ ಪ್ರತಿ, ಗ್ರಾಹಕನು ಟೂಲ್‌ಕಿಟ್ಟನ್ನು ಬದಲಾಯಿಸಿಕೊಳ್ಳುವ ಅವಕಾಶ, ಇಷ್ಟನ್ನು ಕೊಟ್ಟರೆ ಸಾಕು. ಇಲ್ಲಿಯೂ ಒಂದು ಎಡವುಗಲ್ಲಿದೆ. ಕ್ಯೂಟಿಯ ಬಹುಭಾಗ ಎಲ್‌ಜಿಪಿಎಲ್ ಆದರೂ, ಟಚ್ ಸ್ಕ್ರೀನಿಗೆ ಬೇಕಾಗುವ ಪರದೆ-ಕೀಲಿಮಣೆಯಂಥ ಕೆಲವು ಅಂಗಗಳು ಮುಕ್ತ ಆವೃತ್ತಿಯಲ್ಲಿ ಜಿಪಿಎಲ್‌ನಡಿ ಮಾತ್ರ ಲಭ್ಯ.

ಸ್ವಾಮ್ಯದ ಪರವಾನಗಿ ಕೊಳ್ಳುವುದು ಕೆಲವೊಮ್ಮೆ ಸರಿಯಾದ ತೀರ್ಮಾನವೇ. ಮೂಲ ಸಂಕೇತ ಹಂಚುವ ಗೊಡವೆಯಿಲ್ಲ, ತೊಂದರೆಯಾದರೆ ಕೇಳಲು ಒಂದು ವಿಳಾಸವಿರುತ್ತದೆ. ಆದರೆ ಸಾಧನಗಳಲ್ಲಿ ಬಳಸುವ ಪರವಾನಗಿಗೆ ಪ್ರೋಗ್ರಾಮರ್ ಲೆಕ್ಕದ ಶುಲ್ಕದ ಜೊತೆಗೆ ಪ್ರತಿ ಸಾಧನದ ಶುಲ್ಕವೂ ಇರಬಹುದು. ವರ್ಷಕ್ಕೆ ಇಪ್ಪತ್ತು ದುಬಾರಿ ಯಂತ್ರ ಮಾರುವವರಿಗೆ ಅದು ಹೊರೆಯಾಗದು. ಸಾವಿರಗಟ್ಟಲೆ ಅಗ್ಗದ ಉಪಕರಣ ಮಾರುವವರ ಲಾಭವನ್ನು ಅದೇ ನುಂಗೀತು. ಮೊದಲು ಮುಕ್ತ ಆವೃತ್ತಿಯಲ್ಲಿ ಬರೆಸಿ ಮಾರುವಾಗ ಪರವಾನಗಿ ಕೊಂಡರಾಯಿತೆಂಬ ಲೆಕ್ಕಾಚಾರಕ್ಕೆ ನಿಬಂಧನೆಗಳು ಅಡ್ಡಬರಬಹುದಾದ್ದರಿಂದ, ಆರಂಭದಲ್ಲಿಯೇ ಮಾರಾಟಗಾರರಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಖರೀದಿ ಆದೇಶದಲ್ಲಿಯೇ ಟೂಲ್‌ಕಿಟ್‌ನ ಹೆಸರು, ಆವೃತ್ತಿ, ಪ್ರತಿ ಅಂಗದ ಪರವಾನಗಿ ಇವುಗಳನ್ನು ಬರೆಸಿಕೊಳ್ಳಿ. ನೀವು ಹಣ ಕೊಟ್ಟು ಬರೆಸಿದ ಭಾಗದ ಮೂಲ ಸಂಕೇತ ನಿಮಗೆ ಹಸ್ತಾಂತರವಾಗಬೇಕೆಂಬ ಷರತ್ತನ್ನೂ ಸೇರಿಸಿ. ಮುಂಗಡ ಕೊಡುವ ಮೊದಲು, ಮಾದರಿ ಪರದೆಯಲ್ಲಿ 'ಜ್ಯೋತ್ಸ್ನಾ ಸ್ಟೋರ್ಸ್' ಎಂದು ಬೆರಳಚ್ಚಿಸಿ ಮುದ್ರಿಸಿ ತೋರಿಸುವಂತೆ ಕೇಳಿ. ಒತ್ತಕ್ಷರಗಳು ಕಾಗದದ ಮೇಲೂ ಸರಿಯಾಗಿ ಮೂಡಿದ ನಂತರ ಬೆಲೆಯ ಮಾತಾಡಬಹುದು.