ಎರಡು ಡಿಗ್ರಿಯ ಆಟ

ಟೇಬಲ್ ಟೆನಿಸ್‌ನಲ್ಲಿ ಚೆಂಡು ನೆಟ್ಟಿಗೆ ಬಡಿದರೂ, ಮೇಜು ದಾಟಿ ಹೊರಗೆ ಹೋದರೂ ಬೈಗುಳ ತಿನ್ನುವುದು ಹೆಚ್ಚಾಗಿ ಮಣಿಕಟ್ಟು. ‘ರಿಸ್ಟ್ ಸರಿ ತಿರುಗಲಿಲ್ಲ’, ‘ಬ್ಯಾಟ್ ಓಪನ್ ಆಯ್ತು, ಸ್ವಲ್ಪ ಕ್ಲೋಸ್ ಮಾಡು’ ಎಂಬ ಮಾತುಗಳು ಟಿಟಿ ಹಾಲ್‌ಗಳಲ್ಲಿ ಚೆಂಡಿನ ಸದ್ದಿನಷ್ಟೇ ಸಾಮಾನ್ಯ. ಇದರಲ್ಲಿ ಅರ್ಧ ಮಾತ್ರ ನಿಜ. ಹೊಡೆತ ಕೆಟ್ಟದ್ದು ಬ್ಯಾಟಿನ ಓರೆಯಿಂದಲೇ ಇರಬಹುದು. ಆದರೆ ಆ ಓರೆಯನ್ನು ಚೆಂಡು ತಾಗುವ ಗಳಿಗೆಯಲ್ಲಿ ಮಣಿಕಟ್ಟು ತೀರ್ಮಾನಿಸುತ್ತದೆ ಎಂಬ ನಂಬಿಕೆಗೆ ಅಂಗರಚನೆಯ ಬೆಂಬಲವೂ ಇಲ್ಲ, ಗಡಿಯಾರದ ಬೆಂಬಲವೂ ಇಲ್ಲ. ಓರೆಯನ್ನು ಕಾಯುವುದು ಪಾದದಿಂದ ಬೆರಳಿನವರೆಗಿನ ಕೀಲುಗಳ ಕೂಟ. ಒಂದು ಕೀಲಿನ ತಪ್ಪನ್ನು ಇನ್ನೊಂದು ನುಂಗಿಕೊಳ್ಳುವಂತೆ ಆ ಕೂಟವನ್ನು ಪಳಗಿಸುವುದೇ ಈ ಆಟದ ಕಲಿಕೆ. ಪ್ರತಿ ಸಲವೂ ಒಂದೇ ಅಚ್ಚಿನ ಹೊಡೆತ ಹೊಡೆಯುವುದಲ್ಲ.

ಓರೆ ಎಷ್ಟು ಕರಾರುವಾಕ್ಕಾಗಿರಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡಬಹುದು. ಮೇಜಿನ ಉದ್ದ 2.74 ಮೀಟರ್, ನೆಟ್ಟಿನ ಎತ್ತರ 15.25 ಸೆಂಟಿಮೀಟರ್, ಚೆಂಡಿನ ವ್ಯಾಸ 40 ಮಿಲಿಮೀಟರ್, ತೂಕ 2.7 ಗ್ರಾಂ. ಆಟಗಾರ್ತಿಯೊಬ್ಬಳು ತನ್ನ ಕಡೆಯ ಅಂಚಿನ ನೇರದಲ್ಲಿ, ಮೇಜಿನಿಂದ 20 ಸೆಂಟಿಮೀಟರ್ ಮೇಲೆ ಚೆಂಡನ್ನು ಹಿಡಿದು, ಸ್ಪಿನ್ ಕೊಡದೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೊಡೆದಳು ಎನ್ನಿ. ಚೆಂಡು ನೆಟ್ಟನ್ನು ಸವರದೆ ದಾಟಬೇಕು, ಎದುರಿನ ಅಂಚಿನೊಳಗೇ ಬೀಳಬೇಕು. ಗುರುತ್ವವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಬ್ಯಾಟು ಬಿಡುವಾಗ ಚೆಂಡಿನ ದಾರಿ ಸಮತಲಕ್ಕಿಂತ 2.7 ಡಿಗ್ರಿಗೂ 3.9 ಡಿಗ್ರಿಗೂ ನಡುವೆ ಮೇಲ್ಮುಖವಾಗಿರಬೇಕು. ಒಂದು ಡಿಗ್ರಿಗಿಂತ ಚೂರು ಅಗಲದ ಕಿಂಡಿ ಅದು. ಇಷ್ಟು ಹಗುರವಾದ ಚೆಂಡನ್ನು ಆ ವೇಗದಲ್ಲಿ ಗಾಳಿ ತಡೆಯುವ ಬಲ ಚೆಂಡಿನ ತೂಕವನ್ನೂ ಮೀರಿಸುತ್ತದೆ. ಅದನ್ನು ಸೇರಿಸಿದರೆ ಕಿಂಡಿ ಸುಮಾರು ಮೂರು ಡಿಗ್ರಿಗೆ ಅಗಲವಾಗುತ್ತದೆ. ಆದರೆ ಎದುರಿನಿಂದ ನುಗ್ಗಿ ಬರುವ ಚೆಂಡಿಗೆ ಬ್ಯಾಟು ಒಂದು ಡಿಗ್ರಿ ವಾಲಿದರೆ ಚೆಂಡಿನ ದಾರಿ ಒಂದೂವರೆ ಡಿಗ್ರಿಯಷ್ಟು ವಾಲಬಲ್ಲದು. ಹಾಗಾಗಿ ಬ್ಯಾಟಿನ ಪಾಲಿಗೆ ಉಳಿಯುವುದು ಎರಡು ಡಿಗ್ರಿ. ಹದಿನೈದು ಸೆಂಟಿಮೀಟರ್ ಅಗಲದ ಬ್ಯಾಟಿನಲ್ಲಿ ಎರಡು ಡಿಗ್ರಿ ಎಂದರೆ ಮೇಲಂಚು ಕೆಳಗಿನ ಅಂಚಿಗಿಂತ ಐದು ಮಿಲಿಮೀಟರ್ ಮುಂದೆ ಸರಿದಷ್ಟು. ವೇಗವನ್ನು ಸೆಕೆಂಡಿಗೆ 15 ಮೀಟರಿಗೆ ಏರಿಸಿ ಅದೇ ಲೆಕ್ಕ ಮಾಡಿದರೆ ಕಿಂಡಿ ಪೂರ್ತಿ ಮುಚ್ಚಿಹೋಗುತ್ತದೆ: ನೆಟ್ಟು ದಾಟಿದ ಚೆಂಡು ಮೇಜಿನ ಮೇಲೆ ಬೀಳುವುದಿಲ್ಲ, ಮೇಜಿನ ಮೇಲೆ ಬೀಳಬೇಕಾದದ್ದು ನೆಟ್ಟು ದಾಟುವುದಿಲ್ಲ. ಯಾವ ಮಣಿಕಟ್ಟೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಈ ಆಟದಲ್ಲಿ ಟಾಪ್‌ಸ್ಪಿನ್ ಮೆರೆಯುತ್ತಿರುವುದಕ್ಕೆ ಕಾರಣ ಇದೇ. ಮುಂದಕ್ಕೆ ಉರುಳುತ್ತ ಹಾರುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ನೆಟ್ಟಿನ ಮೇಲೆ ಎತ್ತರದಲ್ಲಿ ಹೋದ ಚೆಂಡು ಆಚೆ ದಿಢೀರನೆ ಬಾಗಿ ಮೇಜಿಗಿಳಿಯುತ್ತದೆ. ನುರಿತವರ ಟಾಪ್‌ಸ್ಪಿನ್ ಚೆಂಡು ಸೆಕೆಂಡಿಗೆ 100 ಸುತ್ತಿಗೂ ಹೆಚ್ಚು ತಿರುಗುತ್ತದೆ. ಮುಚ್ಚಿದ್ದ ಕಿಂಡಿ ಹೀಗೆ ಮತ್ತೆ ತೆರೆಯುತ್ತದೆ, ಪುಕ್ಕಟೆಯಾಗಿ ಅಲ್ಲ. ಸ್ಪಿನ್ ಬೇಕಾದರೆ ಬ್ಯಾಟಿನ ಮುಖವನ್ನು ಮುಂದಕ್ಕೆ ಬಾಗಿಸಿ ಚೆಂಡಿನ ಮೈಯನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು, ಆಗ ಬ್ಯಾಟು ಸಾಗುತ್ತಿರುವಾಗಲೇ ಹೊರಳುತ್ತಲೂ ಇರುತ್ತದೆ. ಸೆಕೆಂಡಿಗೆ 500 ಡಿಗ್ರಿ ದರದಲ್ಲಿ ಹೊರಳುತ್ತಿದೆ ಎಂದಿಟ್ಟುಕೊಂಡರೆ ಎರಡು ಡಿಗ್ರಿ ಕಳೆಯಲು ನಾಲ್ಕು ಮಿಲಿಸೆಕೆಂಡ್ ಸಾಕು. ಓರೆಯ ಪ್ರಶ್ನೆ ಇಲ್ಲಿ ಸಮಯದ ಪ್ರಶ್ನೆಯೂ ಆಗಿಬಿಡುತ್ತದೆ: ಸರಿಯಾದ ಓರೆ ನಾಲ್ಕು ಮಿಲಿಸೆಕೆಂಡ್ ತಡವಾಗಿ ಬಂದರೆ ಅದು ತಪ್ಪು ಓರೆಯೇ.

ಸಮಯದ ವಿಷಯಕ್ಕೆ ಬಂದರೆ ನರಮಂಡಲದ ಕೈ ಬಹಳ ಬಿಗಿ. ಎದುರಾಳಿಯ ಬ್ಯಾಟಿನಿಂದ ಹೊರಟ ಚೆಂಡು ನಮ್ಮನ್ನು ತಲುಪಲು ವೇಗದ ಆಟದಲ್ಲಿ ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಕಂಡದ್ದಕ್ಕೆ ತಕ್ಕ ಉತ್ತರ ಆರಿಸಿ ಕೈ ಹೊರಡಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಈಗಾಗಲೇ ಹೊರಟ ಕೈಯನ್ನು ಕಣ್ಣಿನ ಮಾತು ಕೇಳಿ ತಿದ್ದಲು ಹತ್ತನೇ ಒಂದು ಭಾಗದಷ್ಟು. ಬ್ಯಾಟು ಮುಂದಕ್ಕೆ ಬೀಸುವ ಕೊನೆಯ ಹಂತ ಮುಗಿಯುವುದೂ ಸುಮಾರು ಅಷ್ಟೇ ಹೊತ್ತಿನಲ್ಲಿ. ಅಂದರೆ ಕೊನೆಯ ಗಳಿಗೆಯಲ್ಲಿ ಕಣ್ಣು ಕಂಡದ್ದು ಆ ಹೊಡೆತದ ಉಪಯೋಗಕ್ಕೆ ಬರುವುದಿಲ್ಲ. ಫ್ರಾನ್ಸಿನ ಉಬೇರ್ ರಿಪೋಲ್ 1980ರ ದಶಕದಲ್ಲಿ ಆಟಗಾರರ ಕಣ್ಣಿನ ಚಲನೆ ಅಳೆದಾಗ, ‘ಚೆಂಡನ್ನು ಬ್ಯಾಟಿನವರೆಗೂ ನೋಡು’ ಎಂಬ ಉಪದೇಶವನ್ನು ನುರಿತವರೇ ಪಾಲಿಸುತ್ತಿರಲಿಲ್ಲ. ಅವರ ನೋಟ ಚೆಂಡಿನ ಹಾದಿಯ ಮೊದಲ ಭಾಗವನ್ನು ಹಿಂಬಾಲಿಸಿ, ಬ್ಯಾಟು ತಾಗುವ ಮೊದಲೇ ಬೆನ್ನಟ್ಟುವುದನ್ನು ಬಿಡುತ್ತಿತ್ತು. ‘ಚೆಂಡು ರಬ್ಬರಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ, ಆಗ ಓರೆ ಸರಿಮಾಡಿಕೊಳ್ಳುತ್ತೇವೆ’ ಎನ್ನುವವರಿದ್ದಾರೆ. ಗೊತ್ತಾಗುವುದು ನಿಜ, ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಚೆಂಡು ರಬ್ಬರಿನ ಮೇಲಿರುವುದು ಸುಮಾರು ಒಂದು ಮಿಲಿಸೆಕೆಂಡ್. ಬೆರಳಿನ ಸುದ್ದಿ ಮಿದುಳಿಗೆ ಹೋಗಿ ಸ್ನಾಯುವಿಗೆ ಅಪ್ಪಣೆ ಮರಳಲು ಅದರ ಹತ್ತಾರು ಪಟ್ಟು ಸಮಯ ಬೇಕು. ಆ ಹೊತ್ತಿಗೆ ಚೆಂಡು ಅರ್ಧ ಮೀಟರಿನಾಚೆ ಇರುತ್ತದೆ. ಕೈಗೆ ಸಿಕ್ಕ ಆ ಅನುಭವ ಮುಂದಿನ ಹೊಡೆತದ ಬಂಡವಾಳ.

ಇನ್ನು ಅಂಗರಚನೆ. ಕೈ ಕುಲುಕುವಂತೆ ಬ್ಯಾಟು ಹಿಡಿಯುವವರಲ್ಲಿ ಹಿಡಿಕೆ ಹೆಚ್ಚುಕಡಿಮೆ ಮುಂಗೈಯ ನೇರಕ್ಕೇ ಚಾಚಿರುತ್ತದೆ. ಬ್ಯಾಟನ್ನು ಓಪನ್, ಕ್ಲೋಸ್ ಮಾಡುವುದೆಂದರೆ ಈ ನೇರವನ್ನೇ ಅಚ್ಚಾಗಿಸಿ ಅದನ್ನು ಹೊರಳಿಸುವುದು. ಮಣಿಕಟ್ಟಿನ ಕೀಲು ಮುಂದೆ ಹಿಂದೆ ಮಡಿಯಬಲ್ಲದು, ಹೆಬ್ಬೆರಳಿನತ್ತ ಕಿರುಬೆರಳಿನತ್ತ ವಾಲಬಲ್ಲದು. ತನ್ನ ಅಚ್ಚಿನ ಸುತ್ತ ಹೊರಳುವ ಶಕ್ತಿ ಅದಕ್ಕೆ ಇಲ್ಲವೆಂದೇ ಹೇಳಬೇಕು. ಪರೀಕ್ಷೆ ಸುಲಭ. ಎಡಗೈಯಿಂದ ಬಲಗೈಯನ್ನು ಮಣಿಕಟ್ಟಿಗಿಂತ ತುಸು ಮೇಲೆ, ಕೈಗಡಿಯಾರ ಕಟ್ಟುವ ಜಾಗದ ಹಿಂದೆ, ಬಿಗಿಯಾಗಿ ಹಿಡಿದು ಅಂಗೈಯನ್ನು ಕೆಳಕ್ಕೆ ಮಗುಚಲು ನೋಡಿ: ಅದು ಅಲ್ಲಿಗೇ ನಿಲ್ಲುತ್ತದೆ. ಹಿಡಿತ ಬಿಟ್ಟು ಮೊಣಕೈ ಹತ್ತಿರ ಮುಟ್ಟಿಕೊಂಡು ಮಗುಚಿದರೆ, ಚರ್ಮದ ಕೆಳಗೆ ಸ್ನಾಯು ಉಬ್ಬಿ ಹೊರಳುವುದು ಬೆರಳಿಗೆ ತಿಳಿಯುತ್ತದೆ. ಕೋಚ್‌ಗಳು ‘ರಿಸ್ಟ್ ತಿರುಗಿಸು’ ಎನ್ನುವಾಗ ನಿಜಕ್ಕೂ ತಿರುಗುವುದು ಮುಂಗೈಯ ಎರಡು ಮೂಳೆಗಳು, ಒಂದರ ಮೇಲೊಂದು ಹಾಯ್ದು. ಮೊಣಕೈ ಮಡಿಸಿರುವಾಗ ಭುಜದ ಸಣ್ಣ ಹೊರಳಿಕೆಯೂ ಬ್ಯಾಟಿನ ಮುಖವನ್ನು ಬದಲಿಸುತ್ತದೆ, ಬೆನ್ನಿನ ಬಾಗೂ ಬದಲಿಸುತ್ತದೆ. ಭುಜದಲ್ಲಿ ಮೂರು, ಮೊಣಕೈಯಲ್ಲಿ ಒಂದು, ಮುಂಗೈಯಲ್ಲಿ ಒಂದು, ಮಣಿಕಟ್ಟಿನಲ್ಲಿ ಎರಡು: ತೋಳೊಂದರಲ್ಲೇ ಏಳು ಬಗೆಯ ಚಲನೆ ಇದೆ, ಸೊಂಟ ಕಾಲುಗಳದ್ದು ಬೇರೆ. ಒಂದು ಓರೆಯನ್ನು ಪಡೆಯಲು ಇಷ್ಟು ಕೀಲುಗಳು ಬೇಡ. ಈ ಹೆಚ್ಚುವರಿಯೇ ತಲೆನೋವೆಂದು ಮೊದಲು ಅನ್ನಿಸೀತು. ಆದರೆ ತಪ್ಪು ಸರಿದೂಗುವುದು ಈ ಹೆಚ್ಚುವರಿಯಿಂದಲೇ.

ಇದನ್ನು ಮೊದಲು ಗಮನಿಸಿದ್ದು ಆಟದ ಅಂಗಳದಲ್ಲಿ ಅಲ್ಲ. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ, ಉಳಿಯ ಮೇಲೆ ಸುತ್ತಿಗೆ ಬಡಿಯುವ ಕುಶಲ ಕೆಲಸಗಾರರ ಕೀಲುಗಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ ಚಲನೆಯ ಚಿತ್ರ ತೆಗೆದ. ಭುಜ, ಮೊಣಕೈಗಳ ಚಲನೆ ಏಟಿನಿಂದ ಏಟಿಗೆ ಬದಲಾಗುತ್ತಿತ್ತು; ಸುತ್ತಿಗೆಯ ತುದಿಯ ದಾರಿ ಅದಕ್ಕಿಂತ ಕಡಿಮೆ ಬದಲಾಗುತ್ತಿತ್ತು. ಪ್ರತಿ ಕೀಲೂ ತನ್ನಷ್ಟಕ್ಕೆ ತಪ್ಪು ಮಾಡುತ್ತಿದ್ದರೆ ತಪ್ಪುಗಳೆಲ್ಲ ಕೂಡಿ ತುದಿಯಲ್ಲಿ ದೊಡ್ಡದಾಗಬೇಕಿತ್ತು. ಆಗಲಿಲ್ಲ ಎಂದರೆ ಕೀಲುಗಳು ಪರಸ್ಪರ ಸರಿದೂಗಿಸುತ್ತಿದ್ದವು. ಕುಲುಕುವ ಬಸ್ಸಿನಲ್ಲಿ ತುಂಬಿದ ಕಾಫಿ ಲೋಟ ಹಿಡಿದವರ ತೋಳು ಎತ್ತೆತ್ತಲೋ ಆಡಿದರೂ ಲೋಟ ಮಟ್ಟವಾಗಿಯೇ ಇರುವ ಹಾಗೆ. 1990ರಲ್ಲಿ ನೆದರ್ಲೆಂಡ್ಸ್‌ನ ರೈನೌಡ್ ಬೂಟ್ಸ್ಮಾ ಮತ್ತು ಪೀಟ್ ವಾನ್ ವೀರಿಂಗೆನ್ ಪರಿಣತರ ಫೋರ್‌ಹ್ಯಾಂಡ್ ಡ್ರೈವ್ ಚಿತ್ರೀಕರಿಸಿದಾಗ ಟಿಟಿಯಲ್ಲೂ ಇದೇ ಬಗೆಯ ಸಂಗತಿ ಕಂಡಿತು. ಬ್ಯಾಟು ಸಾಗುವ ದಿಕ್ಕಿನ ಏರುಪೇರು ಹೊಡೆತದ ಆರಂಭದಲ್ಲಿ ಹೆಚ್ಚು, ಚೆಂಡು ತಾಗುವಾಗ ಕಡಿಮೆ. ಲಾಳಿಕೆಯೊಳಗೆ ಇಳಿದಂತೆ ಎಲ್ಲವೂ ಕೊನೆಗೆ ಒಂದೆಡೆ ಕೂಡುತ್ತಿತ್ತು. ಸಮಯದ ಏರುಪೇರು ಎರಡರಿಂದ ಐದು ಮಿಲಿಸೆಕೆಂಡಿನ ಆಸುಪಾಸು, ಮೇಲೆ ಲೆಕ್ಕ ಹಾಕಿದ ನಾಲ್ಕರ ನೆರೆಯಲ್ಲೇ. ‘ಅದು ಬ್ಯಾಟು ಸಾಗುವ ದಿಕ್ಕಿನ ಮಾತು, ಮುಖದ ಓರೆಯದ್ದಲ್ಲ’ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಆದರೆ ಉಜ್ಜುವ ಹೊಡೆತದಲ್ಲಿ ದಿಕ್ಕು ಮತ್ತು ಓರೆ ಬೇರೆ ಬೇರೆ ಲೆಕ್ಕವಲ್ಲ, ಸ್ಪಿನ್ ಎಷ್ಟು ವೇಗ ಎಷ್ಟು ಎಂಬುದು ಅವೆರಡರ ನಡುವಿನ ಅಂತರದಿಂದಲೇ ನಿರ್ಧಾರವಾಗುತ್ತದೆ. ಆಮೇಲೆ ಜಪಾನಿನ ಸಂಶೋಧಕರು ಓರೆಯನ್ನೇ ಹಿಡಿದು ನಡೆಸಿದ ಅಧ್ಯಯನಗಳೂ, ಕೀಲುಗಳ ಏರುಪೇರು ಬ್ಯಾಟಿನ ಓರೆಯನ್ನು ಕೆಡಿಸದ ದಾರಿಯಲ್ಲಿ ಹರಿಯುತ್ತದೆ ಎಂಬುದರತ್ತಲೇ ಕೈ ತೋರಿವೆ.

ಹಾಗಾದರೆ ಮಣಿಕಟ್ಟು ಸುಮ್ಮನೆ ಕೂತಿದೆಯೇ? ಮೇಜಿನ ಮೇಲಿನ ಗಿಡ್ಡ ಚೆಂಡಿಗೆ ಬ್ಯಾಕ್‌ಹ್ಯಾಂಡ್ ಫ್ಲಿಕ್ ಹೊಡೆಯುವವರನ್ನು ನೋಡಿದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅಲ್ಲಿ ಮಣಿಕಟ್ಟು ಒಳಕ್ಕೆ ಮಡಿದು ಚಾಟಿಯಂತೆ ಬಿಚ್ಚಿಕೊಳ್ಳುತ್ತದೆ. ಆದರೆ ಅದು ಕೊಡುತ್ತಿರುವುದು ವೇಗ. ತೋಳು ಚಾಚಲು ಜಾಗವಿಲ್ಲದ ಕಡೆ ವೇಗಕ್ಕೆ ಬೇರೆ ಮೂಲವಿಲ್ಲ. ಆ ವೇಗದ ಬೆಲೆಯಾಗಿ ಓರೆ ಬೇಗ ಬೇಗ ಬದಲಾಗುತ್ತದೆ. ಹೊಸಬರ ಫ್ಲಿಕ್ ಒಮ್ಮೆ ನೆಟ್ಟಿಗೆ, ಒಮ್ಮೆ ಗೋಡೆಗೆ ಹೋಗುವುದು ಅದಕ್ಕೇ. ಹೊಡೆತ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ ಎನ್ನುವುದಾದರೆ ಒಂದೇ ಚೆಂಡನ್ನು ಸಾವಿರ ಸಲ ಹೊಡೆಸುವ ಅಭ್ಯಾಸ ಯಾಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಸಾವಿರ ಸಲ ಹೊಡೆದಾಗ ಸಾವಿರ ಬೇರೆ ಬೇರೆ ಹೊಡೆತಗಳು ಆಗಿರುತ್ತವೆ ಎಂಬುದೇ ಉತ್ತರ. ಕಾಲು ಒಂದಂಗುಲ ಆಚೆ, ಭುಜ ತುಸು ದಣಿದದ್ದು, ಚೆಂಡು ಚೂರು ತಗ್ಗು. ಪ್ರತಿ ಸಲವೂ ಬೇರೆ ಸ್ಥಿತಿಯಿಂದ ಹೊರಟು ಅದೇ ಓರೆಗೆ ಬಂದು ಸೇರುವ ದಾರಿಯನ್ನು ದೇಹ ಹುಡುಕುತ್ತಿರುತ್ತದೆ. ಕೋಚ್ ಬುಟ್ಟಿಯಿಂದ ಚೆಂಡು ಎಸೆಯುವಾಗ ಎತ್ತರ, ಜಾಗ, ಸ್ಪಿನ್ನುಗಳನ್ನು ಬೇಕೆಂದೇ ಬದಲಿಸುವುದು ಈ ದೃಷ್ಟಿಯಿಂದ ಹೆಚ್ಚು ಬುದ್ಧಿವಂತಿಕೆಯ ಕೆಲಸ. ಒಂದೇ ಜಾಗಕ್ಕೆ ಒಂದೇ ಚೆಂಡು ಉಗುಳುವ ಯಂತ್ರದ ಮುಂದೆ ಗಂಟೆಗಟ್ಟಲೆ ನಿಲ್ಲಿಸುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ.

ಓರೆಯನ್ನು ಕಾಯುವುದು ತೋಳಿನ ಕೆಲಸವಾದರೆ, ಯಾವ ಓರೆ ಬೇಕು ಎಂದು ಆರಿಸುವುದು ಕಣ್ಣಿನದು. ಅಲ್ಲಿನ ತಪ್ಪು ಎರಡು ಡಿಗ್ರಿಗೆ ನಿಲ್ಲುವುದಿಲ್ಲ. ಬ್ಯಾಕ್‌ಸ್ಪಿನ್ ಇರುವ ಚೆಂಡು ಬ್ಯಾಟಿಗೆ ತಾಗಿ ಕೆಳಕ್ಕೆ ಜಾರುತ್ತದೆ, ಟಾಪ್‌ಸ್ಪಿನ್ ಇರುವುದು ಮೇಲಕ್ಕೆ ಚಿಮ್ಮುತ್ತದೆ. ಒಂದನ್ನು ಇನ್ನೊಂದೆಂದು ಓದಿದರೆ ತೋಳು ಎಷ್ಟೇ ನಿಷ್ಠೆಯಿಂದ ಓರೆ ಕಾದರೂ ಅದು ತಪ್ಪು ಓರೆ. 1952ರಲ್ಲಿ ಬಾಂಬೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜಿನ ಬ್ಯಾಟು ಹಿಡಿದು ಬಂದು ಪುರುಷರ ಸಿಂಗಲ್ಸ್ ಗೆದ್ದದ್ದು ಇದಕ್ಕೆ ಹಳೆಯ ಸಾಕ್ಷಿ. ಚುಕ್ಕಿ ರಬ್ಬರಿನ ಟಕ್ ಟಕ್ ಸದ್ದಿಗೆ ಒಗ್ಗಿದ್ದ ಎದುರಾಳಿಗಳಿಗೆ ಆ ಬ್ಯಾಟಿನಿಂದ ಸದ್ದೇ ಬರಲಿಲ್ಲ, ಚೆಂಡು ಹೊರಬಿದ್ದ ವೇಗವೂ ಸ್ಪಿನ್ನೂ ಅವರ ಅಂದಾಜಿಗೆ ಸಿಗಲಿಲ್ಲ. ಅವರ ತೋಳುಗಳೇನೂ ಕೆಟ್ಟಿರಲಿಲ್ಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಣಿಕಾ ಬಾತ್ರಾ ಮಹಿಳೆಯರ ಸಿಂಗಲ್ಸ್ ಚಿನ್ನ ಗೆದ್ದಾಗ ಅವರ ಬ್ಯಾಟಿನ ಒಂದು ಮುಖದ ಉದ್ದ ಪಿಂಪಲ್ ರಬ್ಬರು ಇದೇ ಕೆಲಸ ಮಾಡಿತ್ತು. ಜಾರುವ ಪಿಂಪಲ್‌ಗಳು ಚೆಂಡಿನ ತಿರುಗಾಟವನ್ನು ಹಿಡಿದು ನಿಲ್ಲಿಸುವುದಿಲ್ಲ. ಚೆಂಡು ತಿರುಗುತ್ತಿದ್ದ ಕಡೆಗೇ ತಿರುಗುತ್ತ ದಿಕ್ಕು ಮಾತ್ರ ಬದಲಿಸಿ ವಾಪಸಾಗುವುದರಿಂದ, ಎದುರಾಳಿ ಕಳಿಸಿದ ಟಾಪ್‌ಸ್ಪಿನ್ ಅವಳಿಗೇ ಬ್ಯಾಕ್‌ಸ್ಪಿನ್ ಆಗಿ ಮರಳುತ್ತದೆ. ಎರಡೂ ಮುಖದ ರಬ್ಬರು ಒಂದೇ ಬಣ್ಣದ್ದಾಗಿದ್ದರೆ ಚೆಂಡು ಯಾವುದರಿಂದ ಬಂತೆಂದೇ ತಿಳಿಯದು. ಅದಕ್ಕೇ 1980ರ ದಶಕದಲ್ಲಿ ಎರಡು ಮುಖಕ್ಕೆ ಎರಡು ಬಣ್ಣ ಕಡ್ಡಾಯವಾಯಿತು.

ಆರಿಸುವುದು ಬೇರೆ, ಕಾಯುವುದು ಬೇರೆ ಎಂಬುದಕ್ಕೆ ಈಚಿನ ಪುರಾವೆ ಯಂತ್ರದ ಕಡೆಯಿಂದ ಬಂದಿದೆ. 2024ರಲ್ಲಿ ಗೂಗಲ್ ಡೀಪ್‌ಮೈಂಡ್ ಸಂಶೋಧಕರು ಆರು ಕೀಲಿನ ಕೈಗಾರಿಕಾ ರೋಬಾಟ್ ತೋಳೊಂದನ್ನು ಹಳಿಗಳ ಮೇಲೆ ಕೂರಿಸಿ ಮನುಷ್ಯರೊಂದಿಗೆ 29 ಪಂದ್ಯ ಆಡಿಸಿದರು. ಕೀಲುಗಳ ಕೋನ ಅಳೆದು ಹಿಡಿದಿಡುವುದರಲ್ಲಿ ಅಂಥ ತೋಳಿಗೆ ಮನುಷ್ಯ ಸಾಟಿಯಲ್ಲ, ದಣಿವಿಲ್ಲ, ನಡುಕವಿಲ್ಲ. ಓರೆಯ ನಿಖರತೆಯೇ ಆಟವಾಗಿದ್ದರೆ ಅದು ಎಲ್ಲರನ್ನೂ ಸೋಲಿಸಬೇಕಿತ್ತು. ಹೊಸಬರನ್ನೆಲ್ಲ ಸೋಲಿಸಿತು, ಮಧ್ಯಮ ಮಟ್ಟದವರೊಂದಿಗೆ ಅರ್ಧಕ್ಕಿಂತ ತುಸು ಹೆಚ್ಚು ಗೆದ್ದಿತು, ಪಳಗಿದವರೆದುರು ಒಂದೂ ಗೆಲ್ಲಲಿಲ್ಲ. ಸ್ಪಿನ್ನನ್ನು ಸರಿಯಾಗಿ ಓದಲು ಅದಕ್ಕೆ ಕಷ್ಟವಾಗುತ್ತಿತ್ತು. ಮೇಜಿಗೆ ಬಡಿಯಬಾರದೆಂಬ ಕಟ್ಟುಪಾಡು ಇದ್ದುದರಿಂದ ತೀರ ತಗ್ಗಿನ ಚೆಂಡಿನ ಕೆಳಗೆ ಬ್ಯಾಟು ಇಳಿಸುವುದೂ ಕಷ್ಟವಾಗುತ್ತಿತ್ತು. ಪಳಗಿದವರು ಇದನ್ನು ಬೇಗ ಕಂಡುಕೊಂಡು ತಗ್ಗಿಗೆ ಬ್ಯಾಕ್‌ಸ್ಪಿನ್ ತಳ್ಳತೊಡಗಿದರು.